ರೂಮಿಗೆ ಬಾರದ ತಾಟು

ಆ ತಾಟಿನಲ್ಲಿ ಏನೇನಿತ್ತು ಎಂದು ಈಗಲೂ ಹೇಳಬಲ್ಲೆ. ಎರಡು ಚಪಾತಿ, ಒಂದು ಕಡೆ ಬಿಳಿ ಅನ್ನ, ಅದರ ಮೇಲೆ ತೆಳ್ಳಗಿನ ಬೇಳೆ, ಪಕ್ಕದಲ್ಲಿ ಕೋಸಿನ ಪಲ್ಯ, ಸಣ್ಣ ಬಟ್ಟಲಲ್ಲಿ ಮೊಸರು. ಚಪಾತಿ ಆರಬಾರದೆಂದು ಮೇಲೊಂದು ತಾಟು ಬೋರಲು ಮುಚ್ಚಿದ್ದೆ. ಹಡಗಿನ ಊಟದ ಹಾಲಿನ ಬಾಗಿಲಿಗೆ ಹೊಂದಿಕೊಂಡು, ಕೈಗೆ ಹಚ್ಚಿಕೊಳ್ಳುವ ಔಷಧದ ಬಾಟಲಿಗಳನ್ನು ಇಟ್ಟ ಒಂದು ಕಟ್ಟೆಯಿತ್ತು. ತಾಟು ಆ ಕಟ್ಟೆಯ ಮೇಲೆ ಉಳಿಯಿತು. ಮೂರು ಅಂತಸ್ತು ಕೆಳಗೆ, ನಮ್ಮ ರೂಮಿನಲ್ಲಿ, ಅತ್ತೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದುಕೊಂಡು ಅದರ ದಾರಿ ಕಾಯುತ್ತಿದ್ದರು.

ನಮ್ಮದು ಸಿಂಧನೂರಿನಲ್ಲಿ ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಮಾವನವರು ಹಳೆಯ ವ್ಯಾಪಾರಸ್ಥರು. ಜವಳಗೇರಾದಿಂದ ವಳಕಮದಿನ್ನಿಯವರೆಗೆ ಭತ್ತ ಹಚ್ಚುವವರು ಯಾರೇ ಇರಲಿ, ಎಲೆ ಕೆಂಪಾದರೆ ಒಂದು ದಂಟು ಕಿತ್ತುಕೊಂಡು ಬಂದು ಅವರಿಗೇ ತೋರಿಸುತ್ತಾರೆ. ಬಜಾರಿನಲ್ಲಿ ಇಬ್ಬರ ನಡುವೆ ಜಗಳವಾದರೆ ಬಗೆಹರಿಸಲು ಅವರನ್ನೇ ಕರೆಯುತ್ತಾರೆ. ಅವರು ಒಂದು ಮಾತು ಹೇಳಿದರೆ ಮುಗಿಯಿತು. ಈ ಕೊನೆಯ ಸಾಲನ್ನು ನಾನು ಮದುವೆಯಾಗಿ ಬಂದ ದಿನದಿಂದ ಕೇಳಿದ್ದೇನೆ, ಮೊದಮೊದಲು ಹೆಮ್ಮೆಯಿಂದಲೇ ಕೇಳಿದ್ದೇನೆ.

ಔಷಧಿ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಮನೆಮಂದಿಯ ಸಮೇತ ಹಡಗಿನಲ್ಲಿ ತಿರುಗಾಡಿಸುತ್ತೇವೆ ಎಂದಿತು. ನನ್ನ ಗಂಡ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ಸೂಜಿಯ ಉಸಾಬರಿ ನನ್ನದು. ನಾನು ಲಿಂಗಸುಗೂರಿನಲ್ಲಿ ಬಿ.ಎಸ್ಸಿ. ಓದಿದವಳೆಂದು ಡಾಕ್ಟರು ಎಲ್ಲವನ್ನೂ ನನಗೇ ವಿವರಿಸಿದ್ದರು. ಹಾಗಾಗಿ ಮಗನ ಬದಲು ಸೊಸೆ ಹೊರಟಳು.

ಬಸ್ಸು ಸಿಂಧನೂರಿನಲ್ಲಿ ನಮ್ಮನ್ನು ಹತ್ತಿಸಿಕೊಂಡು, ಮಸ್ಕಿಯಲ್ಲಿ ಒಂದಿಷ್ಟು ಮಂದಿಯನ್ನು, ಲಿಂಗಸುಗೂರಿನಲ್ಲಿ ಇನ್ನೊಂದಿಷ್ಟು ಮಂದಿಯನ್ನು ತುಂಬಿಕೊಂಡು ಮುಂಬೈ ದಾರಿ ಹಿಡಿಯಿತು. ಎಲ್ಲರೂ ಒಂದೇ ದಂಧೆಯವರು, ಒಬ್ಬರಿಗೊಬ್ಬರು ಗುರುತಿನವರು. ಮಸ್ಕಿಯಲ್ಲಿ ಹತ್ತಿದ ಒಬ್ಬ ದಪ್ಪನೆಯ ಅಂಗಡಿಕಾರರು ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಚುರುಮುರಿ ಚೀಲ ಹಿಡಿದಿದ್ದರು. "ಸಮುದ್ರದಾಗ ಮಿರ್ಚಿ ಬಂಡಿ ಇರಂಗಿಲ್ಲರಿ, ಅದಕ್ಕ ನಮ್ಮ ಬಂದೋಬಸ್ತ್ ನಾವ ಮಾಡ್ಕೊಂಡೀವಿ" ಎಂದು ಸೀಟು ಸೀಟಿಗೂ ಹೇಳುತ್ತ ಬಂದರು.

ನಮ್ಮ ಬಂದೋಬಸ್ತೂ ಕಡಿಮೆಯದಾಗಿರಲಿಲ್ಲ. ಅತ್ತೆ ಕಟಕ ರೊಟ್ಟಿ ತಟ್ಟಿದ್ದರು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹುರಿದ ಅವಲಕ್ಕಿ ಕಟ್ಟಿದ್ದರು. ಬಂದರಿನಲ್ಲಿ ಚೀಲಗಳನ್ನು ಯಂತ್ರದೊಳಗೆ ತೂರಿಸಿದ ಸಿಬ್ಬಂದಿ ಹೊರಗಿನ ಊಟ ಹಡಗಿಗೆ ಬರುವಂತಿಲ್ಲ ಎಂದು ಎಲ್ಲವನ್ನೂ ತೆಗೆಸಿಬಿಟ್ಟರು. ಮಸ್ಕಿಯವರ ಚುರುಮುರಿ, ನಮ್ಮ ರೊಟ್ಟಿ, ಲಿಂಗಸುಗೂರಿನವರ ಕರದಂಟು, ಎಲ್ಲ ಒಂದು ದೊಡ್ಡ ನೀಲಿ ಡಬ್ಬಿಗೆ ಬಿದ್ದವು. ಅತ್ತೆ ತಿರುತಿರುಗಿ ನೋಡುತ್ತ ನಡೆದರು.

"ರೊಟ್ಟಿ ಏನ್ ಬಾಂಬಾ ಬೇ?" ಎಂದರು ನನಗೆ.

ಅವರ ಪೂಜೆಯ ಚೀಲವನ್ನು ಮಾತ್ರ ಬಿಟ್ಟರು. ವಿಭೂತಿ ಗಟ್ಟಿ, ಲಿಂಗ ಸುತ್ತುವ ಬಿಳಿ ಅರಿವೆ, ಒಂದು ಪುಟ್ಟ ಬೆಳ್ಳಿ ಬಟ್ಟಲು, ಒಂದು ಡಬ್ಬಿಯಲ್ಲಿ ಕಲ್ಲುಸಕ್ಕರೆ. ದೇವರ ಸಾಮಾನೆಂದು ಯಂತ್ರದ ಮುಂದಿನ ಹೆಣ್ಣುಮಗಳು ಅದನ್ನು ಬಿಚ್ಚದೆ ಮುಂದೆ ಸರಿಸಿದಳು.

ಅತ್ತೆಯ ಊಟದ ಕ್ರಮವನ್ನು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರು ಮೊದಲು ಸೂಜಿ ಚುಚ್ಚಿಕೊಳ್ಳುತ್ತಾರೆ. ಆಮೇಲೆ ಲಿಂಗಪೂಜೆಗೆ ಕೂರುತ್ತಾರೆ. ಪೂಜೆ ಮುಗಿಯುವ ಹೊತ್ತಿಗೆ ನಾನು ಊಟದ ತಾಟು ತಂದು ಎದುರಿಗಿಡುತ್ತೇನೆ. ಅದನ್ನು ಲಿಂಗಕ್ಕೆ ತೋರಿಸುವುದು, ಅಂದರೆ ಎಡೆ ಹಿಡಿಯುವುದು. ನಂತರ ಅದೇ ತಾಟಿನಲ್ಲಿ ಉಣ್ಣುವುದು. ಎಡೆಯಾಗದೆ ಒಂದು ತುತ್ತೂ ಬಾಯಿಗೆ ಹೋಗುವುದಿಲ್ಲ. ಮನೆಯಲ್ಲಿ ಇದು ಗಡಿಯಾರದಂತೆ ನಡೆಯುತ್ತದೆ. ಅಡುಗೆಮನೆಯಿಂದ ದೇವರ ಕೋಣೆಗೆ ನಾಲ್ಕು ಹೆಜ್ಜೆ ದಾರಿ. "ಸೂಜಿ ಆದ ಮ್ಯಾಲೆ ಊಟ ತಡಾ ಮಾಡಬ್ಯಾಡ್ರಿ, ಜೀವಕ್ಕ ಬರ್ತೈತಿ" ಎಂದು ಡಾಕ್ಟರು ಹೇಳಿದ್ದು ಮಾವನವರ ಮುಂದೆಯೇ. ಅವರೂ ತಲೆಯಾಡಿಸಿದ್ದರು.

ಹಡಗಿನ ಊಟದ ಹಾಲಿಗೆ ಮೊದಲ ಸಂಜೆ ಅತ್ತೆಯನ್ನು ಕರೆದುಕೊಂಡು ಹೋದೆ. ನಮ್ಮೂರಿನ ಕಲ್ಯಾಣ ಮಂಟಪಗಳನ್ನು ಸಾಲಾಗಿ ಜೋಡಿಸಿದಷ್ಟು ಉದ್ದ. ಅನ್ನದ ಪಕ್ಕದಲ್ಲೇ ಮೀನು, ಬೇಳೆಯ ಪಕ್ಕದಲ್ಲೇ ಕೋಳಿ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಲ್ಲಿಂದಲೇ ತಿರುಗಿದರು. ಉಣ್ಣುವವರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. "ಅವರದು ಅವರಿಗೆ. ನಾ ಇಲ್ಲಿ ಲಿಂಗ ತೆಗಿಯಾಕ ಆಗಂಗಿಲ್ಲ ತಂಗಿ, ಅಷ್ಟ" ಎಂದರು. ಅವರನ್ನು ರೂಮಿಗೆ ಬಿಟ್ಟು ಬಂದು, ಸಸ್ಯಾಹಾರದ ಸಾಲಿನಲ್ಲಿ ತಾಟು ತುಂಬಿಕೊಂಡು, ಬಾಗಿಲ ಬಳಿ ನಿಂತಿದ್ದ ಕೆಂಪು ಕೋಟಿನವನಿಗೆ ತೋರಿಸಿದೆ. ಅವನು ನಕ್ಕು, ಹೋಗಿ ಎಂಬಂತೆ ಕೈ ಮಾಡಿದ. ಲಿಫ್ಟಿನಲ್ಲಿ ಇನ್ನೂ ಮೂವರು ತಾಟು ಹಿಡಿದು ನಿಂತಿದ್ದರು. ಅದು ಆ ಹಡಗಿನಲ್ಲಿ ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಇದನ್ನು ನಾನು ನೆನಪಿಟ್ಟುಕೊಂಡಿದ್ದೇನೆ.

ಮರುದಿನ ಬೆಳಿಗ್ಗೆಯೂ ತಾಟು ಒಯ್ದೆ. ಅತ್ತೆ ಕೆಳಗೆ ಟವೆಲು ಮಡಚಿ ಹಾಕಿಕೊಂಡು, ಟಿ.ವಿ.ಗೆ ಬೆನ್ನು ಮಾಡಿ ಕುಳಿತು, ಎಡೆ ಹಿಡಿದು ಉಂಡರು. ಮುಂದಿನ ಹೊತ್ತಿಗೆ ಇರಲೆಂದು ಎರಡು ಸೇಬು, ನಾಲ್ಕು ಬನ್ನು ತಂದು ಕನ್ನಡಿಯ ಕೆಳಗಿಟ್ಟೆ.

ಉಳಿದವರು ಒಯ್ಯುತ್ತಿದ್ದುದು ಬೇರೆ ತರಹ. ಬಂದರಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಇಲ್ಲಿಂದಲೇ ವಸೂಲು ಮಾಡಬೇಕೆಂಬ ಹಟ. ಪಾಲಿಥಿನ್ ಚೀಲಗಳಲ್ಲಿ ಬಾಳೆಹಣ್ಣು, ಕೇಕು, ಬೆಣ್ಣೆಯ ಪುಟ್ಟ ಡಬ್ಬಿಗಳು. ಮಸ್ಕಿಯವರಂತೂ ಜುಬ್ಬಾದ ಎರಡೂ ಜೇಬಿನಲ್ಲಿ ಬೇಯಿಸಿದ ಆಲೂಗಡ್ಡೆ ತುಂಬಿಕೊಂಡು ಲಿಫ್ಟಿನಲ್ಲಿ ನಿಂತಿದ್ದರು.

"ಏನ್ರಿ ಸಾವ್ಕಾರ್ರ, ಜೇಬಿನಾಗ?" ಎಂದರು ಲಿಂಗಸುಗೂರಿನವರೊಬ್ಬರು.

"ಮೊಬೈಲ್ ಐತಿ."

"ಹೊಗಿ ಬರಾಕತ್ತೈತಲ್ಲ."

"ಚಾರ್ಜ್ ಆಗಾಕತ್ತೈತಿ ಸುಮ್ನಿರಲೇ."

ಅಷ್ಟು ನಗು ಆಮೇಲೆ ಆ ಹಡಗಿನಲ್ಲಿ ನಾನು ನಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಸೇರಿದಾಗ ಕಂಪನಿಯ ಮ್ಯಾನೇಜರು ಎದ್ದು ನಿಂತ. ಹುಬ್ಬಳ್ಳಿ ಕಡೆಯ ಹುಡುಗ, ಮಾತು ಬೆಣ್ಣೆಯಂತೆ. ನಮ್ಮ ರೂಮುಗಳ ಸಾಲಿನಲ್ಲಿ ಎಂಜಲು ತಾಟುಗಳು ಕಾಲಿಗೆ ತೊಡರುತ್ತಿವೆಯೆಂದು ಹಡಗಿನವರು ಹೇಳಿದರಂತೆ, ಸ್ವಲ್ಪ ನೋಡಿಕೊಂಡರೆ ಚೆನ್ನ, ಎಂದ. ಅಷ್ಟೇ ಅವನು ಹೇಳಿದ್ದು. ತಾಟು ಹೊರಗಿಡಬೇಡಿ ಎನ್ನುವುದಕ್ಕಿಂತ ಹೆಚ್ಚಿನ ಅರ್ಥ ಅದರಲ್ಲಿ ಇರಲಿಲ್ಲ. ಪಕ್ಕದ ಮೇಜಿನಲ್ಲಿ ಬೇರೆ ರಾಜ್ಯದ ಅಂಗಡಿಯವರು ಕುಳಿತಿದ್ದರು. ಅವರಲ್ಲೊಬ್ಬ ನಮ್ಮ ಕಡೆ ನೋಡಿ ಏನೋ ಅಂದ, ಉಳಿದವರು ನಕ್ಕರು.

ಮಾವನವರ ಮುಖ ಬದಲಾಯಿತು. ಅವರು ಎದ್ದರು.

"ಇನ್ ಮ್ಯಾಲೆ ನಮ್ಮ ಮಂದಿ ಒಬ್ಬರೂ ಇಲ್ಲಿಂದ ಒಂದು ಅಗಳು ಒಯ್ಯಂಗಿಲ್ಲ" ಎಂದರು, ಬಜಾರಿನ ಪಂಚಾಯ್ತಿಯಲ್ಲಿ ಹೇಳುವ ದನಿಯಲ್ಲಿ. "ಮೂರೂರಿನ ಇಜ್ಜತ್ ಐತಿ. ಯಾರರೆ ಒಯ್ದರ ನನ್ನ ಕೇಳ್ರಿ. ಇದು ನನ್ನ ಮಾತು."

ಮ್ಯಾನೇಜರು ಗಾಬರಿಯಿಂದ, "ಅಷ್ಟೇನೂ ಇಲ್ಲ ಸರ್" ಎಂದ. ನಮ್ಮವರು ಚಪ್ಪಾಳೆ ತಟ್ಟಿದರು. ಮಸ್ಕಿಯವರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಊಟವಾದ ಮೇಲೆ ಮಾವನವರು ಅತ್ತೆಯೂ ನಾನೂ ಇದ್ದ ರೂಮಿಗೆ ಬಂದರು. ಕನ್ನಡಿಯ ಕೆಳಗಿದ್ದ ಸೇಬು, ಬನ್ನುಗಳನ್ನು ತಾವೇ ಒಂದು ಚೀಲಕ್ಕೆ ತುಂಬಿ, ರೂಮು ಗುಡಿಸುವವನ ಕೈಗೆ ಕೊಟ್ಟರು. "ಮೊದಲ ನಮ್ಮನಿಯಿಂದ ಸುರು ಆಗಬೇಕು" ಎಂದರು.

ಅತ್ತೆ ಆ ದಿನ ಮಧ್ಯಾಹ್ನ ಸರಿಯಾಗಿ ಉಂಡಿರಲಿಲ್ಲ. ಸಮುದ್ರ ಸ್ವಲ್ಪ ಎದ್ದಿತ್ತು, ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಎಲ್ಲರೂ ಊಟಕ್ಕೆ ಸೇರುವ ಮೊದಲೇ ನಾನು ಒಯ್ದಿದ್ದ ಅನ್ನದಲ್ಲಿ ಎರಡು ತುತ್ತು ತಿಂದು ಬಿಟ್ಟಿದ್ದರು.

"ರಾತ್ರಿ ಊಟಕ್ಕ ಹ್ಯಾಂಗ್ರೀ?" ಎಂದು ಅತ್ತೆ ಕೇಳಿದರು.

"ಫೋನ್ ಮಾಡಿದ್ರ ರೂಮಿಗೇ ತರ್ತಾರ. ನಾ ಹೇಳಿರ್ತೀನಿ. ನೀ ಎಂದಿನಂಗ ಸೂಜಿ ತಗೊಂಡು ಪೂಜಿಗೆ ಕುಂದ್ರು."

ಅವರು ಹಾಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಯಾರು ಏನು ಮಾತು ಕೊಟ್ಟರು ಎಂಬುದು ನಮ್ಮ ಮನೆಯಲ್ಲಿ ಬಹಳ ದೊಡ್ಡ ವಿಷಯ; ಅದಕ್ಕೇ ಈ ಮಾತನ್ನೂ ಬರೆಯುತ್ತಿದ್ದೇನೆ.

ಸಂಜೆ ಅತ್ತೆ ಸೂಜಿ ಚುಚ್ಚಿಕೊಂಡರು. ಪೂಜೆಗೆ ಕುಳಿತರು. ಬಾಗಿಲ ಬಳಿ ಯಾವ ಸಪ್ಪಳವೂ ಇಲ್ಲ. ಗೋಡೆಯ ಫೋನಿನಲ್ಲಿ ಊಟದ ಗುಂಡಿ ಒತ್ತಿದೆ, ಅದು ಹಾಡು ಹಾಡುತ್ತ ಉಳಿಯಿತು, ಯಾರೂ ಎತ್ತಲಿಲ್ಲ. ಅತ್ತೆಗೆ ಹೇಳಿ ಮೇಲಕ್ಕೆ ಓಡಿದೆ. ತಾಟು ತುಂಬಿದೆ, ಮುಚ್ಚಿದೆ, ಬಾಗಿಲವರೆಗೆ ಬಂದೆ.

ಬಾಗಿಲಿಗೆ ಎದುರಾಗಿಯೇ ನಮ್ಮವರ ಮೇಜು. ಮಾವನವರು ಎದ್ದು ಬಂದರು. ನಗುತ್ತಲೇ ಬಂದರು. ದೂರದಿಂದ ನೋಡಿದವರಿಗೆ ಸೊಸೆಗೆ ಸಹಾಯ ಮಾಡಲು ಬಂದಂತೆ ಕಾಣುತ್ತಿತ್ತು.

"ಇಲ್ಲಿ ಇಡವ್ವಾ" ಎಂದರು ಸಣ್ಣ ದನಿಯಲ್ಲಿ.

"ಮಾವಾರ, ಅತ್ತಿ ಸೂಜಿ ತಗೊಂಡಾರ್ರೀ."

"ಗೊತ್ತೈತಿ. ಹೇಳೀನಿ, ಹಡಗಿನವರ ಒಯ್ತಾರ. ಎಲ್ಲಾರೂ ನೋಡಾಕತ್ತಾರ, ಇಡು."

ನಾನು ತಾಟು ಬಿಡಲಿಲ್ಲ. ಅವರೂ ಹಿಡಿದರು. ಒಂದು ಕ್ಷಣ ನಾವಿಬ್ಬರೂ ಅದನ್ನು ಹಿಡಿದು ನಿಂತಿದ್ದೆವು. ಆ ಹೊತ್ತಿಗೇ ಬೇರೆ ಯಾವುದೋ ಗುಂಪಿನ ಅಜ್ಜಿಯೊಬ್ಬಳು ತಾಟಿನ ತುಂಬ ಕೇಕು ಹಾಕಿಕೊಂಡು ನಮ್ಮನ್ನು ದಾಟಿ ಹೊರಗೆ ಹೋದಳು. ಕೆಂಪು ಕೋಟಿನವನು ಅವಳಿಗೆ ಬಾಗಿಲು ಹಿಡಿದ. ಮಾವನವರು ತಾಟನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿ ಕಟ್ಟೆಯ ಮೇಲಿಟ್ಟರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಬಾ, ನೀ ಉಣ್ಣು" ಎಂದು ಮೇಜಿಗೆ ಕರೆದುಕೊಂಡು ಹೋದರು.

ಎದ್ದು ಹೋಗಿ ತಾಟು ಎತ್ತಿಕೊಳ್ಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಬಜಾರಿನ ದೊಡ್ಡ ಮನೆಯ ಸೊಸೆಯಾಗಿ, ಮೂರೂರಿನ ಗಂಡಸರ ಎದುರಿಗೆ ಮಾವ ತಮ್ಮ ಕೈಯಾರೆ ಇಟ್ಟ ವಸ್ತುವನ್ನು ಎತ್ತಿಕೊಂಡು ನಡೆದವರಿದ್ದರೆ ಅವರು ಕೇಳಲಿ.

ನಾನು ಕುಳಿತ ಜಾಗದಿಂದ ಕಟ್ಟೆ ಕಾಣುತ್ತಿತ್ತು. ಮಾವನವರ ಬೆನ್ನು ಅದರ ಕಡೆಗಿತ್ತು. ಮ್ಯಾನೇಜರು ಯಾವುದೋ ಊರಿನ ಅಂಗಡಿಯವರು ಥಾಯ್ಲೆಂಡಿನಲ್ಲಿ ದಾರಿ ತಪ್ಪಿದ ಕತೆ ಹೇಳುತ್ತಿದ್ದ. ಜನ ಬರುತ್ತಿದ್ದರು, ಬಾಟಲಿಯಿಂದ ಕೈಗೆ ಔಷಧ ಹಾಕಿಕೊಂಡು ಉಜ್ಜಿಕೊಳ್ಳುತ್ತಿದ್ದರು, ತಾಟಿನ ಪಕ್ಕದಲ್ಲೇ ಕೈಯಾಡಿಸುತ್ತಿದ್ದರು. ಯಾರೂ ಅದನ್ನು ಎತ್ತಲಿಲ್ಲ.

"ಮಾವಾರ, ಇನ್ನಾ ಒಯ್ದಿಲ್ರೀ."

"ಒಯ್ತಾರವ್ವಾ."

ಮತ್ತೆ ಹೇಳಿದೆ. ಈ ಸಲ ಅವರು ನನ್ನ ಕಡೆ ತಿರುಗದೆ, "ಜಲ್ದಿ ಏನೈತಿ? ಅಕಿ ಪೂಜಿ ಭಾಳ ಹೊತ್ತು ಮಾಡ್ತಾಳ" ಎಂದು ಮೇಜಿನವರಿಗೆಲ್ಲ ಕೇಳುವಂತೆ ಅಂದು ನಕ್ಕರು. ಲಿಂಗಸುಗೂರಿನವರೊಬ್ಬರು, "ನಮ್ಮನಿಯಾಕಿದೂ ಹಂಗರಿ, ಶಿವನಿಗೇ ಬ್ಯಾಸರಾಗಿ ಎದ್ದು ಹೋಗಬೇಕು" ಎಂದರು. ಎಲ್ಲರೂ ನಕ್ಕರು.

ಆಗ ನೀಲಿ ಅಂಗಿಯ ಒಬ್ಬ ಕೆಲಸದವನು ಬಂಡಿ ತಳ್ಳಿಕೊಂಡು ಬಂದ. ಕಟ್ಟೆಯನ್ನು ನೋಡಿದ. ಮೇಲಿನ ತಾಟು ತೆಗೆದು ಬಂಡಿಯಲ್ಲಿಟ್ಟ. ಕೆಳಗಿನ ತಾಟನ್ನು ಓರೆ ಮಾಡಿ, ಚಪಾತಿ, ಅನ್ನ, ಬೇಳೆ, ಮೊಸರು ಎಲ್ಲವನ್ನೂ ಕಸದ ಡಬ್ಬಿಗೆ ಒಂದೇ ಸಲ ಜಾರಿಸಿದ. ಬಟ್ಟೆ ತೆಗೆದು ಕಟ್ಟೆ ಒರೆಸಿದ. ಅವನ ತಪ್ಪೇನೂ ಇರಲಿಲ್ಲ, ಬಿಟ್ಟು ಹೋದ ತಾಟು ತೆಗೆಯುವುದೇ ಅವನ ಕೆಲಸ.

ನನ್ನ ಮನಸ್ಸು ಇವತ್ತಿಗೂ ನಿಲ್ಲುವುದು ಇಲ್ಲೇ. ಅತ್ತೆ ರೂಮಿನಲ್ಲಿ ಇದ್ದ ಸ್ಥಿತಿಗಿಂತ ಹೆಚ್ಚಾಗಿ ನನಗೆ ಕಾಣುವುದು ಆ ತಾಟು ಓರೆಯಾದ ರೀತಿ.

ನಾನು ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಮಾವನವರು ಏನೋ ಕರೆದರು, ನಿಲ್ಲಲಿಲ್ಲ. ಲಿಫ್ಟು ಬರಲಿಲ್ಲವೆಂದು ಮೆಟ್ಟಿಲಿಳಿದೆ. ಹಡಗಿನ ಓಣಿಗಳು ಎಲ್ಲ ಒಂದೇ ತರಹ, ಅದೇ ರತ್ನಗಂಬಳಿ, ಅದೇ ಬಾಗಿಲು, ಅದೇ ಹಳದಿ ದೀಪ. ಎಡಕ್ಕೆ ಹೋಗಬೇಕಾದವಳು ಬಲಕ್ಕೆ ಹೋದೆ, ಕೊನೆಯವರೆಗೆ ಓಡಿ, ನಮ್ಮ ನಂಬರು ಕಾಣದೆ ತಿರುಗಿ ಓಡಿದೆ. ನೆಲ ಮೆಲ್ಲಗೆ ವಾಲುತ್ತಿತ್ತು. ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡನ್ನು ಬಾಗಿಲಿಗೆ ಹಿಡಿದರೆ ಕೆಂಪು ದೀಪ ಹತ್ತಿತು. ತಿರುವಿ ಹಿಡಿದೆ. ಹಸಿರು.

ಅತ್ತೆ ಟವೆಲಿನ ಮೇಲೆಯೇ ಕುಳಿತಿದ್ದರು, ಆದರೆ ಮಂಚದ ಕಾಲಿಗೆ ಒರಗಿಬಿಟ್ಟಿದ್ದರು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಕಣ್ಣಿಗೆ ಇಳಿದಿತ್ತು. ಎಡಗೈ ಗಡಗಡ ನಡುಗುತ್ತಿತ್ತು. ಆ ಅಂಗೈಯಲ್ಲಿದ್ದ ಲಿಂಗ ಬೀಳದಂತೆ ಬಲಗೈಯಿಂದ ಎದೆಗೆ ಒತ್ತಿ ಹಿಡಿದಿದ್ದರು. ಕಣ್ಣುಗಳು ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ.

"ಅತ್ತೀ."

"ಯಾರವ್ವಾ ನೀ?"

"ನಾನ್ರೀ, ನಿಮ್ಮ ಸೊಸಿ."

"ಬಡಸ್ರೆವ್ವಾ" ಎಂದರು, ಮದುವೆ ಮನೆಯಲ್ಲಿ ಹೆಂಗಸರಿಗೆ ಹೇಳುವಂತೆ. "ಮಂದಿ ಕುಂತಾರ, ಬಡಸ್ರಿ."

ನಾನು ಓದಿದ್ದೆಲ್ಲ ಒಂದೇ ಸಲ ನೆನಪಿಗೆ ಬಂತು. ಸಕ್ಕರೆ ಇಳಿಯುತ್ತಿದೆ, ಇನ್ನೂ ಇಳಿದರೆ ಎಚ್ಚರ ತಪ್ಪುತ್ತದೆ, ಎಚ್ಚರ ತಪ್ಪಿದ ಮೇಲೆ ಬಾಯಿಗೆ ಏನನ್ನೂ ಹಾಕುವಂತಿಲ್ಲ. ರೂಮಿನಲ್ಲಿ ತಿನ್ನುವಂಥದ್ದು ಏನೂ ಇರಲಿಲ್ಲ. ಕನ್ನಡಿಯ ಕೆಳಗೆ ಸೇಬುಗಳಿದ್ದ ಜಾಗ ಖಾಲಿಯಿತ್ತು. ಫೋನಿನಲ್ಲಿ ಡಾಕ್ಟರ ಗುಂಡಿ ಒತ್ತಿ, ರೂಮಿನ ನಂಬರು ಹೇಳಿ, ಇಂಗ್ಲಿಷಿನಲ್ಲಿ ಏನು ಹೇಳಿದೆನೋ ನನಗೇ ಗೊತ್ತಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಪೂಜೆಯ ಚೀಲ.

ಕಲ್ಲುಸಕ್ಕರೆಯನ್ನು ಅರಿವೆಯಲ್ಲಿ ಸುತ್ತಿ ನೀರಿನ ಲೋಟದ ತಳದಿಂದ ಕುಟ್ಟಿದೆ. ಬೆಳ್ಳಿ ಬಟ್ಟಲಿಗೆ ಹಾಕಿ, ಸ್ವಲ್ಪ ನೀರು ಬೆರೆಸಿ ಬೆರಳಿನಿಂದ ತಿರುವಿದೆ. ಅವರ ತುಟಿಗೆ ಹಿಡಿದೆ.

ಅತ್ತೆ ಹಲ್ಲು ಕಚ್ಚಿದರು.

"ಬಾಯಿ ತೆಗೀರಿ ಅತ್ತೀ, ನಿಮ್ಮ ಕೈ ಮುಗೀತೀನಿ."

"ಎಡಿ ಆಗಿಲ್ಲ" ಎಂದರು ಕಚ್ಚಿದ ಹಲ್ಲಿನಲ್ಲೇ. ನಾನು ಯಾರೆಂದು ಗೊತ್ತಿರಲಿಲ್ಲ, ಎಲ್ಲಿದ್ದೇವೆಂದು ಗೊತ್ತಿರಲಿಲ್ಲ. ಇದು ಮಾತ್ರ ಗೊತ್ತಿತ್ತು. ಮುಖ ತಿರುಗಿಸಿದರು. ಸಕ್ಕರೆ ನೀರು ಗಲ್ಲದ ಮೇಲೆ ಹರಿಯಿತು.

ಎಷ್ಟು ಹೇಳಿದರೂ ಆ ಹಲ್ಲು ಬಿಡಲಿಲ್ಲ. ಕೊನೆಗೆ ನಾನು ಅವರ ಎದುರಿಗೆ ಮಂಡಿಯೂರಿದೆ. ಎದೆಗೊತ್ತಿ ಹಿಡಿದ ಬಲಗೈಯನ್ನು ಸರಿಸಿದೆ. ನಡುಗುತ್ತಿದ್ದ ಅಂಗೈಯ ಕೆಳಗೆ ನನ್ನ ಅಂಗೈ ಕೊಟ್ಟು ಲಿಂಗ ಬೀಳದಂತೆ ಹಿಡಿದೆ. ಇನ್ನೊಂದು ಕೈಯಿಂದ ಬಟ್ಟಲನ್ನು ಲಿಂಗದ ಮುಂದೆ ಹಿಡಿದು, ಅವರು ದಿನಾ ತಾಟು ಹಿಡಿಯುವಂತೆಯೇ ಎಡೆ ತೋರಿಸಿದೆ. ಅವರು ದಿನಾ ಹೇಳುವಂತೆಯೇ ನಮಃ ಶಿವಾಯ ಎಂದೆ. ನನಗೆ ಅಂಥ ಭಕ್ತಿಯೇನೂ ಇಲ್ಲ. ಆದರೆ ಅವತ್ತು ಆ ಎರಡು ಶಬ್ದ ನನ್ನ ಬಾಯಿಂದ ಬಂದ ರೀತಿಗೆ ಏನೆನ್ನಬೇಕೋ ತಿಳಿಯದು.

"ಎಡಿ ಆತ್ರೀ ಅತ್ತೀ. ಲಿಂಗಕ್ಕ ತೋರಿಸಿದೆ. ಇದು ಪ್ರಸಾದ, ತಗೋರಿ."

ಅವರು ನನ್ನನ್ನು ಬಹಳ ಹೊತ್ತು ನೋಡಿದಂತೆ ಅನ್ನಿಸಿತು. ಆಮೇಲೆ ಬಾಯಿ ತೆರೆದರು. ಗುಟುಕು ಗುಟುಕಾಗಿ ಹಾಕಿದೆ. ಬಟ್ಟಲು ಮುಗಿಯಿತು, ಮತ್ತೆ ಕುಟ್ಟಿದೆ, ಮತ್ತೆ ಹಾಕಿದೆ. ನರ್ಸು ಬಂದು ಬೆರಳು ಚುಚ್ಚಿ ಯಂತ್ರದಲ್ಲಿ ನೋಡಿದಾಗ ಅವಳ ಹುಬ್ಬುಗಳು ಮೇಲೇರಿದವು. ಇನ್ನು ಸ್ವಲ್ಪ ತಡವಾಗಿದ್ದರೆ, ಎಂದು ಹೇಳಲು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿದಳು. ಕೈಗೆ ಸಲಾಯಿನ್ ಹಚ್ಚಿದಳು.

ಮಾವನವರು ಮ್ಯಾನೇಜರ ಜೊತೆ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು, ಅದನ್ನು ಇಲ್ಲವೆನ್ನುವುದಿಲ್ಲ. ಹೆಂಡತಿಯ ಕಾಲ ಬಳಿ ಕುಳಿತು ಪಾದ ಹಿಡಿದುಕೊಂಡರು.

"ಸರ್, ರೂಮಿಗೆ ಊಟ ಬೇಕಂತ ಒಂದ್ ಮಾತು ನನಗ ಹೇಳಿದ್ರ ನಾನ ಕಳಸ್ತಿದ್ನಲ್ರಿ" ಎಂದ ಮ್ಯಾನೇಜರು.

"ಹೇಳಿದ್ದೆ."

"ಯಾರಿಗ್ರಿ ಸರ್?"

"ಅಲ್ಲಿ ನಿಂತಿದ್ನಲ್ಲ, ಅವನಿಗೆ."

ಯಾರವನು ಎಂದು ಮ್ಯಾನೇಜರು ಕೇಳಲಿಲ್ಲ. ನಾನೂ ಕೇಳಲಿಲ್ಲ. ಮಾವನವರು ಪಾದವನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಸುದ್ದಿ ಹಬ್ಬಿ, ಮೂರೂರಿನವರೂ ನಮ್ಮ ಓಣಿಗೆ ಬಂದು ತುಂಬಿದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತಾಟು. ಅನ್ನ, ಸಾರು, ಹಣ್ಣು, ಕೇಕು, ಯಾರೋ ಒಬ್ಬರು ಐಸ್‌ಕ್ರೀಮು ಕೂಡ. ಮಾತು ಕೊಟ್ಟವರ ಹೆಂಡತಿಗೇ ಹೀಗಾದ ಮೇಲೆ ಮಾತಿನ ನೆನಪು ಯಾರಿಗೂ ಇರಲಿಲ್ಲ. ಮಂಚದ ಪಕ್ಕ, ಕನ್ನಡಿಯ ಕೆಳಗೆ, ಟಿ.ವಿ.ಯ ಮೇಲೆ ತಾಟುಗಳನ್ನಿಟ್ಟು ಹೋದರು. ಸಲಾಯಿನ್ ಹಚ್ಚಿಕೊಂಡು ಮಲಗಿದವರು ಅದರಲ್ಲಿ ಒಂದನ್ನೂ ಮುಟ್ಟುವಂತಿರಲಿಲ್ಲ. ಮಸ್ಕಿಯವರು ನನ್ನನ್ನು ಬಾಗಿಲ ಹೊರಗೆ ಕರೆದು, ಜುಬ್ಬಾದೊಳಗಿಂದ ಬಾಳೆಹಣ್ಣಿನ ಸಣ್ಣ ಚಿಪ್ಪೊಂದನ್ನು ತೆಗೆದರು.

"ಮಧ್ಯಾನ ಒಯ್ದಿದ್ದೆ ತಂಗಿ. ನಿಮ್ಮ ಮಾವರಿಗಿ ಹೇಳಬ್ಯಾಡ" ಎಂದರು. "ಪಕ್ಕದ ರೂಮಿನಾಗ ಇದ್ದೆ ನೋಡು. ಒಂದ್ ದನಿ ಹೊಡದಿದ್ರ ಆಗ್ತಿತ್ತು."

ಹಣ್ಣು ನಮ್ಮ ಗೋಡೆಯ ಆಚೆಯೇ ಇತ್ತು. ಕದ್ದು ಒಯ್ದವರ ರೂಮಿನಲ್ಲಿ ಇತ್ತು.

ಮರುದಿನ ಅತ್ತೆ ದಿಂಬಿಗೆ ಒರಗಿ ಕುಳಿತಿದ್ದರು. ಕಿಟಕಿಯ ಗಾಜಿನಾಚೆ ನೀರು ಬಿಟ್ಟರೆ ಏನೂ ಇರಲಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ, ತಾಟು, ಕಟ್ಟೆ, ಕಸದ ಡಬ್ಬಿ. ಅವರಿಗೆ ತಿಳಿಯಬೇಕು ಅನ್ನಿಸಿತ್ತು. ಅವರು ಕೇಳಿ ಮುಗಿಸಿ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, "ಅವರು ಮಾತು ಕೊಟ್ಟಿದ್ರಲ್ಲ ಬೇ" ಎಂದರು.

"ನಿಮ್ಮ ಜೀವ ಹೋಗ್ತಿತ್ರಿ."

"ಹೋಗಲಿಲ್ಲಲ್ಲ."

ಮುಂಬೈ ಹತ್ತಿರವಾಗಿ ಫೋನಿಗೆ ನೆಟ್‌ವರ್ಕು ಬಂದಾಗ ಗಂಡನಿಗೆ ಹೇಳಿದೆ. "ಈಗ ಆರಾಮ ಅದಾಳಲ್ಲ?" ಎಂದ. ಹೌದು ಎಂದೆ. "ಊರಿಗೆ ಬಂದ ಮ್ಯಾಲೆ ಯಾರ ಮುಂದೂ ತೆಗೀಬ್ಯಾಡ" ಎಂದ. ಅವನ ದನಿ ಒಡೆದಿತ್ತು. ಆದರೂ ಹೇಳಿದ್ದು ಅದನ್ನೇ.

ನಾನು ತೆಗೆಯಲಿಲ್ಲ. ತೆಗೆಯಬೇಕಾದ ಅಗತ್ಯವೂ ಬರಲಿಲ್ಲ, ಏಕೆಂದರೆ ಆ ಹೊತ್ತಿಗಾಗಲೇ ಬೇರೆ ಕತೆ ಸಿದ್ಧವಾಗಿತ್ತು. ಬಸ್ಸು ಲಿಂಗಸುಗೂರಿಗೆ ಬರುವಷ್ಟರಲ್ಲಿ ಅತ್ತೆಗೆ ಸಮುದ್ರದ ಹವಾ ಆಗಿಬರಲಿಲ್ಲ ಎಂದಾಗಿತ್ತು. ಮಸ್ಕಿ ದಾಟುವಾಗ, ಹೆಂಗಸರು ಹಟ ಮಾಡಿ ಹಾಲಿಗೆ ಬರದಿದ್ದರೆ ಹೀಗೇ ಆಗುವುದು ಎಂದಾಗಿತ್ತು. ಸಿಂಧನೂರು ಮುಟ್ಟುವಾಗ ಅದೊಂದು ಸಣ್ಣ ತಲೆಸುತ್ತು.

ಅಂಗಡಿಯ ಗೋಡೆಯ ಮೇಲೆ ಈಗ ಒಂದು ಫೋಟೋ ಇದೆ. ಹಡಗಿನ ಮೆಟ್ಟಿಲ ಮೇಲೆ ಮೂರೂರಿನ ಅಂಗಡಿಯವರು, ನಡುವೆ ಮಾವನವರು, ಕೊರಳಲ್ಲಿ ಹಾರ. ಜವಳಗೇರಾದವರು ಯಾರಾದರೂ ಔಷಧಿಗೆ ಬಂದು ಫೋಟೋ ನೋಡಿ ಕೇಳಿದರೆ ಮಾವನವರು ಹೇಳುತ್ತಾರೆ. "ನಮ್ಮ ಮಂದಿ ಶಿಸ್ತು ನೋಡಿ ಹಡಗಿನವ್ರ ಖುಷಿ ಆದ್ರು. ಒಂದು ಅಗಳು ಹೊರಗ ಒಯ್ಯಲಿಲ್ಲ." ಒಳಗಿನ ಕೋಣೆಯಲ್ಲಿ ಕುಳಿತು ಇದನ್ನು ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ನೀಲಿ ಅಂಗಿಯವನು ಬಂಡಿ ತಳ್ಳಿಕೊಂಡು ಬರುತ್ತಾನೆ.

ಓಣಿಯ ಹೆಂಗಸರು ಅತ್ತೆಯನ್ನು ನೋಡಲು ಬಂದಿದ್ದರು. ಹಡಗಿನಲ್ಲಿ ಈಜುವ ಕೊಳವಿತ್ತಂತಲ್ಲ, ನಾಟಕವಿತ್ತಂತಲ್ಲ, ಎಂದೆಲ್ಲ ಕೇಳಿ, ಕೊನೆಗೆ ಒಬ್ಬಳು, "ಊಟ ಹ್ಯಾಂಗಿತ್ರೀ ಅಕ್ಕಾರ?" ಎಂದಳು.

ನಾನು ಚಹಾ ಕೊಡುತ್ತ ನಿಂತಿದ್ದೆ. ಅತ್ತೆ ನನ್ನ ಕಡೆ ನೋಡಲಿಲ್ಲ.

"ಊಟಕ್ಕೇನು ಕಡಿಮಿ ಇರಲಿಲ್ಲ ತಂಗಿ" ಎಂದರು.

ಅವರು ಆ ಸಂಜೆಯ ಬಗ್ಗೆ ನನ್ನ ಹತ್ತಿರವಾಗಲಿ, ಮಾವನವರ ಹತ್ತಿರವಾಗಲಿ ಮತ್ತೆ ಮಾತಾಡಿದ್ದಿಲ್ಲ. ಆದರೆ ಮನೆಯಲ್ಲಿ ಮೊದಲಿನ ಕ್ರಮ ಈಗ ಇಲ್ಲ. ಊಟದ ಹೊತ್ತಿಗೆ ಅತ್ತೆ ದೇವರ ಕೋಣೆಯಲ್ಲಿ ಕುಳಿತು, ಸೂಜಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನು ಕರೆಯುತ್ತಾರೆ. ನಾನು ತಾಟು ತಂದು ಎದುರಿಗಿಡುತ್ತೇನೆ. ಅವರು ಅದರ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಮುಟ್ಟಿದ ಮೇಲೆಯೇ ಸೀರೆ ಸರಿಸಿ ಸೂಜಿ ಚುಚ್ಚಿಕೊಳ್ಳುತ್ತಾರೆ. ಪೂಜೆ ಮುಗಿಯುವಷ್ಟರಲ್ಲಿ ಅನ್ನ ಆರಿ ತಣ್ಣಗಾಗಿರುತ್ತದೆ, ರೊಟ್ಟಿ ಸೆಟೆದಿರುತ್ತದೆ. ಅದನ್ನೇ ಉಣ್ಣುತ್ತಾರೆ.

ದೇವರ ಕೋಣೆಯ ಬಾಗಿಲಿಗೆ ನೇರವಾಗಿ, ಪಡಸಾಲೆಯಲ್ಲಿ ಮಾವನವರ ಕುರ್ಚಿ. ಅತ್ತೆ ಬೆರಳು ಚಾಚುವ ಹೊತ್ತಿಗೆ ಅವರು ದಿನಾ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಾರೆ.